ಅರವತ್ತು ಕಾರ್ಡುಗಳಲ್ಲಿ ಒಂದು ವಾದ

ಟ್ರೇಡಿಂಗ್ ಕಾರ್ಡ್ ಆಟವನ್ನು ಸ್ಪರ್ಧೆಯ ಮಟ್ಟದಲ್ಲಿ ಆಡುವವರಿಗೆ ಎರಡು ಕೆಲಸಗಳಿರುತ್ತವೆ. ಎದುರಾಳಿಯ ಮುಂದೆ ಕುಳಿತು ಆಡುವುದು ಒಂದು. ಅಲ್ಲಿಗೆ ಹೋಗುವ ಮೊದಲು ಯಾವ ಕಾರ್ಡುಗಳನ್ನು ಒಯ್ಯಬೇಕೆಂದು ನಿರ್ಧರಿಸುವುದು ಇನ್ನೊಂದು. ನೋಡುವವರ ಕಣ್ಣಿಗೆ ಬೀಳುವುದು ಮೊದಲನೆಯದು ಮಾತ್ರ. ನಾನು ಇವತ್ತು ಮಾತನಾಡಬೇಕೆಂದಿರುವುದು ಎರಡನೆಯದರ ಬಗ್ಗೆ, ಅದರಲ್ಲೂ ಬೇರೆ ಯಾರೂ ಕಟ್ಟಿರದ ಡೆಕ್ ಒಂದನ್ನು, ಅಂದರೆ ಕಾರ್ಡುಗಳ ಕಟ್ಟನ್ನು, ತಾನೇ ಕಟ್ಟಿ, ಗೆಲ್ಲಬೇಕೆಂಬ ಉದ್ದೇಶದಿಂದಲೇ ಬಂದಿರುವ ಜನರ ನಡುವೆ ಅದನ್ನು ಆಡುವುದರಲ್ಲಿ ಸಿಗುವ ತೃಪ್ತಿಯ ಬಗ್ಗೆ. ಆ ತೃಪ್ತಿ ಎಲ್ಲಿಂದ ಹುಟ್ಟುತ್ತದೆ ಎಂಬುದೇ ನನ್ನ ಪ್ರಶ್ನೆ.

ಈ ಸಭೆಯಲ್ಲಿ ಆಡುವವರೂ ಇದ್ದೀರಿ, ಮಕ್ಕಳು ಆಡುವುದನ್ನು ನೋಡಿ ಕುತೂಹಲದಿಂದ ಬಂದವರೂ ಇದ್ದೀರಿ. ಎರಡನೆಯವರಿಗಾಗಿ ಆಟದ ಪರಿಚಯವನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಇಸ್ಪೀಟಿನಲ್ಲಿ ಎಲ್ಲರೂ ಅದೇ 52 ಎಲೆಗಳಲ್ಲಿ ಆಡುತ್ತಾರೆ. ಎಲೆ ಹಂಚಿದ ಮೇಲೆಯೇ ಆಟ ಶುರುವಾಗುತ್ತದೆ. ನಮ್ಮ ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಗಂಜೀಫಾ ಪರಂಪರೆಯಲ್ಲಿ ಹೊಸ ಹೊಸ ಎಲೆಯಾಟಗಳನ್ನೇ ರೂಪಿಸಿದರು, ಅವುಗಳ ಎಲೆಗಳ ಚಿತ್ರಕಲೆ ಇಂದಿಗೂ ಬೆರಗು ಹುಟ್ಟಿಸುತ್ತದೆ. ಆದರೆ ಅಲ್ಲಿಯೂ ಕಟ್ಟಿನಲ್ಲಿ ಏನಿರಬೇಕೆಂಬುದನ್ನು ನಿರ್ಧರಿಸಿದವರು ಆಟವನ್ನು ರೂಪಿಸಿದವರೇ ಹೊರತು ಆಡುವವರಲ್ಲ. 1993ರಲ್ಲಿ ಅಮೆರಿಕದ ಗಣಿತಜ್ಞ ರಿಚರ್ಡ್ ಗಾರ್ಫೀಲ್ಡ್ ರೂಪಿಸಿ, ವಿಝರ್ಡ್ಸ್ ಆಫ್ ದಿ ಕೋಸ್ಟ್ ಸಂಸ್ಥೆ ಹೊರತಂದ ‘ಮ್ಯಾಜಿಕ್: ದಿ ಗ್ಯಾದರಿಂಗ್’ ಈ ಹಕ್ಕನ್ನು ಆಟಗಾರನ ಕೈಗೆ ಕೊಟ್ಟಿತು. ಮೊದಲ ಮುದ್ರಣದಲ್ಲಿ 295 ಕಾರ್ಡುಗಳಿದ್ದವು. ಇಂದು 25,000ಕ್ಕೂ ಹೆಚ್ಚು ಬಗೆಯ ಕಾರ್ಡುಗಳಿವೆ. ಇವುಗಳಲ್ಲಿ ತನಗೆ ಬೇಕಾದವನ್ನು ಆರಿಸಿ ಪ್ರತಿಯೊಬ್ಬನೂ ತನ್ನದೇ ಕಟ್ಟನ್ನು ತರುತ್ತಾನೆ. ಅನಂತರ ಬಂದ ಪೋಕೆಮಾನ್ ಮತ್ತು ಯು-ಗಿ-ಓ ಕಾರ್ಡ್ ಆಟಗಳ ಬುನಾದಿಯೂ ಇದೇ. ನಾನು ಹೆಚ್ಚು ಬಲ್ಲ ಆಟ ಮ್ಯಾಜಿಕ್ ಆದ್ದರಿಂದ ಉದಾಹರಣೆಗಳೆಲ್ಲ ಅದರಿಂದಲೇ ಬರುತ್ತವೆ.

ನಿಯಮಗಳು ಹೀಗಿವೆ. ಡೆಕ್ಕಿನಲ್ಲಿ ಕನಿಷ್ಠ 60 ಕಾರ್ಡುಗಳಿರಬೇಕು. ಮೂಲ ಲ್ಯಾಂಡ್ ಕಾರ್ಡುಗಳನ್ನು ಬಿಟ್ಟರೆ ಯಾವುದೇ ಕಾರ್ಡಿನ ನಾಲ್ಕಕ್ಕಿಂತ ಹೆಚ್ಚು ಪ್ರತಿ ಇರುವಂತಿಲ್ಲ. ಇದರ ಜೊತೆಗೆ, ಒಂದು ಆಟ ಮುಗಿದ ಮೇಲೆ ಬದಲಾಯಿಸಿಕೊಳ್ಳಲು 15 ಕಾರ್ಡುಗಳ ಸೈಡ್‌ಬೋರ್ಡ್ ಇರುತ್ತದೆ. ಇಬ್ಬರಿಗೂ 20 ಅಂಕಗಳ ಜೀವ, ಕೈಯಲ್ಲಿ ಏಳು ಕಾರ್ಡು. ಪ್ರತಿ ಸರದಿಯಲ್ಲಿ ಒಂದು ಕಾರ್ಡನ್ನು ಎಳೆದುಕೊಳ್ಳಬಹುದು, ಒಂದು ಲ್ಯಾಂಡ್ ಇಡಬಹುದು. ಲ್ಯಾಂಡ್ ಕೊಡುವ ಮನಾ ಎಂಬ ಶಕ್ತಿಯನ್ನು ಖರ್ಚು ಮಾಡಿ ಉಳಿದ ಕಾರ್ಡುಗಳನ್ನು ಆಡಬೇಕು. ಆಟ ಬಂದ ಹೊಸತರಲ್ಲಿ ನಾಲ್ಕು ಪ್ರತಿಗಳ ಮಿತಿ ಇರಲಿಲ್ಲ. ಬಲಶಾಲಿಯಾದ ಒಂದೇ ಕಾರ್ಡನ್ನು ಇಪ್ಪತ್ತು ಪ್ರತಿ ತುಂಬಿಕೊಂಡರೂ ಕೇಳುವವರಿರಲಿಲ್ಲ. ಮಿತಿ ಬಂದ ಮೇಲೆಯೇ ಡೆಕ್ ಕಟ್ಟುವುದು ಒಂದು ಕಲೆಯಾಯಿತು ಎಂದು ನಾನು ನಂಬುತ್ತೇನೆ. ಷಟ್ಪದಿಯ ಮಾತ್ರೆಗಳ ಕಟ್ಟು ಕವಿಗೆ ಅಡ್ಡಿಯಾಗದೆ ಅವನ ಮಾತಿಗೆ ನಡಿಗೆ ಕೊಟ್ಟಂತೆ, ಇಲ್ಲಿಯೂ ಅರವತ್ತು ಮತ್ತು ನಾಲ್ಕು ಎಂಬ ಎರಡು ಸಂಖ್ಯೆಗಳೇ ಕಟ್ಟುವವನನ್ನು ಯೋಚನೆಗೆ ಹಚ್ಚುತ್ತವೆ.

ಈಗ ವಿಷಯಕ್ಕೆ ಬರುತ್ತೇನೆ. ಇಂದು ಯಾವ ದೊಡ್ಡ ಟೂರ್ನಮೆಂಟ್ ಮುಗಿದರೂ ಗೆದ್ದ ಡೆಕ್ಕುಗಳ ಪೂರ್ಣ ಪಟ್ಟಿ ಎಲ್ಲರಿಗೂ ಸಿಗುತ್ತದೆ. ಯಾವ ಕಾರ್ಡು, ಎಷ್ಟು ಪ್ರತಿ ಎಂಬುದೆಲ್ಲ ಅದರಲ್ಲಿರುತ್ತದೆ. ಅದನ್ನು ಹಾಗೆಯೇ ಜೋಡಿಸಿಕೊಂಡು ಆಡುವುದನ್ನು ನಮ್ಮಲ್ಲಿ ನೆಟ್‌ಡೆಕ್ ಆಡುವುದು ಎನ್ನುತ್ತೇವೆ. ಅದನ್ನು ಕೀಳಾಗಿ ಕಾಣುವವರ ಗುಂಪಿಗೆ ನಾನು ಸೇರಿಲ್ಲ. ಹತ್ತಾರು ಜನ ತಿದ್ದಿ ತೀಡಿದ ಡೆಕ್ಕನ್ನು ತಪ್ಪಿಲ್ಲದೆ ಆಡುವುದಕ್ಕೆ ದೊಡ್ಡ ಸಾಧನೆಯೇ ಬೇಕು, ಮತ್ತು ಹಾಗೆ ಆಡಿ ಗೆದ್ದವನ ಸಂತೋಷದಲ್ಲಿ ಯಾವ ಕೊರತೆಯೂ ಇಲ್ಲ. ಆದರೆ ಅದು ಬೇರೆ ಸಂತೋಷ. ಇನ್ನೊಂದು ಕಡೆ, ಗೆಳೆಯರ ನಡುವೆ ಕುಳಿತು ವಿಚಿತ್ರವಾದ ಡೆಕ್ ಆಡಿ ಎಲ್ಲರನ್ನೂ ರಂಜಿಸುವವರಿದ್ದಾರೆ, ಅದೂ ಬೇರೆಯೇ. ನಾನು ಹೇಳುತ್ತಿರುವುದು ಈ ಎರಡರ ನಡುವಿನ ಇಕ್ಕಟ್ಟಾದ ಜಾಗದ ಬಗ್ಗೆ. ಹೊಸ ಡೆಕ್ ಎಂದರೆ ಈ ಆಟದ ಬಗ್ಗೆ ಒಬ್ಬನು ಮಂಡಿಸುವ ವಾದ: ‘ನೀವೆಲ್ಲ ಈ ಕಾರ್ಡಿಗೆ ಬೆಲೆ ಕಟ್ಟಿದ್ದು ಸರಿಯಿಲ್ಲ, ಹೀಗೂ ಗೆಲ್ಲಬಹುದು’ ಎಂಬ ವಾದ. ಅದನ್ನು ಮುರಿಯಬೇಕೆಂದೇ ಎದುರಿಗೆ ಕುಳಿತವನ ಮುಂದೆ ಅದು ನಿಂತಾಗ ಮಾತ್ರ ನಾನು ಹೇಳುವ ತೃಪ್ತಿ ಹುಟ್ಟುತ್ತದೆ. ಸ್ವಂತಿಕೆ ಮತ್ತು ಪರೀಕ್ಷೆ ಎರಡೂ ಬೇಕು; ಒಂದಿಲ್ಲದೆ ಇನ್ನೊಂದು ಸಾಲದು.

ಮ್ಯಾಜಿಕ್ ಆಟದ ವಿನ್ಯಾಸಕರಲ್ಲೊಬ್ಬರಾದ ಮಾರ್ಕ್ ರೋಸ್‌ವಾಟರ್ 2002ರಲ್ಲಿ ಆಟಗಾರರ ಮನೋಧರ್ಮವನ್ನು ಮೂರು ಹೆಸರುಗಳಲ್ಲಿ ವಿವರಿಸಿದರು. ದೊಡ್ಡ ಅನುಭವ ಬಯಸುವವನು ಟಿಮ್ಮಿ, ತನ್ನತನವನ್ನು ತೋರಿಸಬಯಸುವವನು ಜಾನಿ, ಗೆಲುವಿನಲ್ಲಿ ತನ್ನ ಸಾಮರ್ಥ್ಯವನ್ನು ಸಾಬೀತುಪಡಿಸಬಯಸುವವನು ಸ್ಪೈಕ್. ಇದು ಉಪಯುಕ್ತವಾದ ವಿಂಗಡಣೆ, ಆಟಗಾರರು ಈಗಲೂ ಇದೇ ಹೆಸರುಗಳಲ್ಲಿ ಮಾತನಾಡುತ್ತಾರೆ. ಆದರೆ ಸ್ಪರ್ಧೆಗೆಂದು ಹೊಸ ಡೆಕ್ ಕಟ್ಟುವವನಲ್ಲಿ ಜಾನಿ ಮತ್ತು ಸ್ಪೈಕ್ ಒಟ್ಟಿಗೆ ವಾಸಿಸುತ್ತಾರೆ, ದಿನವೂ ಜಗಳವಾಡುತ್ತಾರೆ. ಒಬ್ಬನಿಗೆ ಆ ಕಾರ್ಡು ಇರಲೇಬೇಕು, ಇನ್ನೊಬ್ಬನು ಅದನ್ನು ತೆಗೆ ಎನ್ನುತ್ತಾನೆ. ಈ ಜಗಳ ಯಾವ ದಿನ ನಿಲ್ಲುತ್ತದೆಯೋ ಆ ದಿನ ಡೆಕ್ ಕಟ್ಟುವ ಕೆಲಸವೂ ನಿಂತುಹೋಗುತ್ತದೆ.

ಇದಕ್ಕೆ ನನಗೆ ಎಲ್ಲಕ್ಕಿಂತ ಪ್ರಿಯವಾದ ಉದಾಹರಣೆ 1996ರದು. ಆ ವರ್ಷ ಅಟ್ಲಾಂಟಾದಲ್ಲಿ ನಡೆದ ಒಂದು ಅರ್ಹತಾ ಟೂರ್ನಮೆಂಟಿನಲ್ಲಿ ಪಾಲ್ ಸ್ಲೈ ಎಂಬ ಆಟಗಾರರು ಎರಡನೆಯ ಸ್ಥಾನ ಪಡೆದರು. ಅವರ ಕೈಯಲ್ಲಿದ್ದ ಕೆಂಪು ಬಣ್ಣದ ಡೆಕ್ಕನ್ನು ಕಂಡವರಿಗೆ ಅದು ಕಣ್ಣಿಗೆ ಬಿದ್ದ ಅಗ್ಗದ ಕಾರ್ಡುಗಳನ್ನೆಲ್ಲ ಗುಡ್ಡೆ ಹಾಕಿದಂತೆ ತೋರಿತು. ಐರನ್‌ಕ್ಲಾ ಆರ್ಕ್ಸ್, ಬ್ರಾಸ್ ಮ್ಯಾನ್, ಡ್ವಾರ್ವನ್ ಲೆಫ್ಟಿನೆಂಟ್ ಮುಂತಾದ, ಯಾರೂ ಕೈಯಿಂದ ಮುಟ್ಟದ ಕಾರ್ಡುಗಳು ಅದರಲ್ಲಿದ್ದವು. ಆ ಡೆಕ್ಕಿನ ಹಿಂದಿದ್ದ ತಲೆ ಜೇ ಶ್ನೈಡರ್ ಅವರದು.

ಐರನ್‌ಕ್ಲಾ ಆರ್ಕ್ಸ್ ಕಾರ್ಡನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಅದೊಂದು ಜೀವಿ, ಅಂದರೆ ಎದುರಾಳಿಯನ್ನು ಹೊಡೆಯಲು ಕಳಿಸಬಹುದಾದ ಅಥವಾ ಅವನ ಜೀವಿಗಳಿಗೆ ಅಡ್ಡ ನಿಲ್ಲಿಸಬಹುದಾದ ಕಾರ್ಡು. ಅದರ ಬೆಲೆ 2 ಮನಾ, ಹೊಡೆಯುವ ಬಲ 2, ತಾಳುವ ಬಲ 2. ಆದರೆ ಅದಕ್ಕೊಂದು ದೋಷವಿದೆ: 2 ಅಥವಾ ಅದಕ್ಕಿಂತ ಹೆಚ್ಚು ಬಲದ ಜೀವಿ ಮೇಲೆ ಬಂದರೆ ಇದು ಅಡ್ಡ ನಿಲ್ಲಲಾರದು. ಕೆಂಪು ಬಣ್ಣದಲ್ಲೇ ಗ್ರೇ ಓಗರ್ ಎಂಬ ಇನ್ನೊಂದು ಕಾರ್ಡಿದೆ. ಬಲ ಅಷ್ಟೇ, ದೋಷವಿಲ್ಲ, ಬೆಲೆ ಮಾತ್ರ 3 ಮನಾ. ಎರಡೂ 1993ರ ಮೊದಲ ಮುದ್ರಣದಲ್ಲೇ ಇದ್ದವು. ಅಂದರೆ ಆಟವನ್ನು ರೂಪಿಸಿದವರು ಆ ದೋಷಕ್ಕೆ ಒಂದು ಮನಾದಷ್ಟು ರಿಯಾಯಿತಿ ಕೊಟ್ಟಿದ್ದಾರೆ. ಈಗ ಯೋಚಿಸಿ: ಅಡ್ಡ ನಿಲ್ಲುವ ಉದ್ದೇಶವೇ ಇಲ್ಲದ, ಮೊದಲ ಸರದಿಯಿಂದ ಕೊನೆಯವರೆಗೂ ಮುನ್ನುಗ್ಗಿ ಹೊಡೆಯುವುದೊಂದೇ ಗುರಿಯಾದ ಡೆಕ್ಕಿನಲ್ಲಿ ಆ ದೋಷ ದೋಷವಾಗಿ ಉಳಿಯುತ್ತದೆಯೇ? ರಿಯಾಯಿತಿ ಪೂರ್ತಿ ಸಿಗುತ್ತದೆ, ಅದಕ್ಕೆ ತೆರಬೇಕಾದ ದಂಡ ಬಹುಮಟ್ಟಿಗೆ ತಪ್ಪುತ್ತದೆ. ಕಾರ್ಡಿನ ಗುಣದೋಷ ಕಾರ್ಡಿನೊಳಗೆ ಮಾತ್ರ ಇರುವುದಿಲ್ಲ, ಅದು ಯಾರ ಜೊತೆಗೆ ಸೇರಿದೆ ಎಂಬುದರಲ್ಲಿಯೂ ಇರುತ್ತದೆ ಎಂಬುದನ್ನು ಈ ಡೆಕ್ ತೋರಿಸಿಕೊಟ್ಟಿತು.

ಇದರ ಇನ್ನೊಂದು ಕೊಡುಗೆಯನ್ನು ಇಂದು ಆಟಗಾರರು ಮನಾ ಕರ್ವ್ ಎಂಬ ಹೆಸರಿನಿಂದ ಬಲ್ಲರು. ಮೊದಲ ಸರದಿಯಲ್ಲಿ ಒಂದು ಲ್ಯಾಂಡ್, ಎರಡನೆಯದರಲ್ಲಿ ಎರಡು, ಹೀಗೆ ನಾಲ್ಕನೆಯ ಸರದಿಯ ಹೊತ್ತಿಗೆ ಒಬ್ಬನ ಕೈಗೆ ಒಟ್ಟು 10 ಮನಾ ಬಂದಿರುತ್ತದೆ. ನಾಲ್ಕು, ಐದು ಮನಾದ ದೊಡ್ಡ ಕಾರ್ಡುಗಳನ್ನೇ ತುಂಬಿಕೊಂಡವನು ಅದರಲ್ಲಿ ಮೊದಲ 6 ಮನಾವನ್ನು ಸುಮ್ಮನೆ ಕಳೆದಿರುತ್ತಾನೆ. ಒಂದು ಮನಾದ ಕಾರ್ಡುಗಳು ಇಷ್ಟು, ಎರಡು ಮನಾದವು ಇಷ್ಟು, ಮೂರರವು ಇಷ್ಟು ಎಂದು ಲೆಕ್ಕ ಹಾಕಿ ಜೋಡಿಸಿದವನು ಪ್ರತಿ ಸರದಿಯಲ್ಲೂ ಬಂದದ್ದನ್ನೆಲ್ಲ ಬಳಸುತ್ತಾನೆ. ಒಂದೊಂದು ಕಾರ್ಡೂ ಸಾಧಾರಣ, ಆದರೆ ಒಟ್ಟು ಕೆಲಸ ಎದುರಾಳಿಯದಕ್ಕಿಂತ ಹೆಚ್ಚು. ಇದರ ಮೇಲೆ ಒಂದೇ ಮನಾಕ್ಕೆ 3 ಅಂಕ ಹೊಡೆಯುವ ಲೈಟ್ನಿಂಗ್ ಬೋಲ್ಟ್ ಸೇರಿದರೆ ಇಪ್ಪತ್ತರ ಜೀವ ಕರಗಲು ಹೆಚ್ಚು ಹೊತ್ತು ಬೇಕಿಲ್ಲ. ಈಗ ಹೊಸದಾಗಿ ಆಟ ಕಲಿಯುವ ಮಗುವಿಗೂ ಹೇಳಿಕೊಡುವ ಪಾಠ ಇದು. ಆಗ ಇದು ಯಾರೋ ಒಬ್ಬರು ಮೊದಲ ಬಾರಿಗೆ ಕೂತು ಯೋಚಿಸಬೇಕಾಗಿದ್ದ ಮಾತು.

ಒಂದು ಮಾತನ್ನು ಇಲ್ಲಿ ಸೇರಿಸಬೇಕು. ಆ ಡೆಕ್ಕಿಗೂ, ಅದರಿಂದ ಹುಟ್ಟಿದ ಡೆಕ್ಕುಗಳ ಇಡೀ ವಂಶಕ್ಕೂ ಸ್ಲೈ ಎಂಬ ಹೆಸರೇ ನಿಂತಿತು. ಆಡಿದವರ ಹೆಸರು ಉಳಿಯಿತು, ಯೋಚಿಸಿದವರ ಹೆಸರನ್ನು ಇತಿಹಾಸದಲ್ಲಿ ಆಸಕ್ತಿ ಇರುವವರು ಮಾತ್ರ ನೆನೆಯುತ್ತಾರೆ. ನಾನು ಎಲ್ಲಿ ಈ ಡೆಕ್ಕಿನ ಬಗ್ಗೆ ಮಾತನಾಡಿದರೂ ಶ್ನೈಡರ್ ಅವರ ಹೆಸರನ್ನು ಹೇಳದೆ ಬಿಡುವುದಿಲ್ಲ. ಡೆಕ್ ಕಟ್ಟುವವನಿಗೆ ಕೀರ್ತಿ ಬರುತ್ತದೆಂಬ ಭರವಸೆ ಇಲ್ಲ. ಹಾಗಿದ್ದೂ ಜನ ಕಟ್ಟುತ್ತಲೇ ಇದ್ದಾರೆ ಎನ್ನುವುದು ತೃಪ್ತಿಯ ಮೂಲ ಕೀರ್ತಿಯಲ್ಲಿಲ್ಲ ಎಂಬುದಕ್ಕೆ ಸಾಕಷ್ಟು ಸಾಕ್ಷಿ. ಹಣದ ವಿಚಾರವೂ ಇಲ್ಲಿ ಬರುತ್ತದೆ. ನಮ್ಮ ದೇಶದಲ್ಲಿ ಬೇಡಿಕೆಯ ಕಾರ್ಡುಗಳು ದುಬಾರಿ, ಎಷ್ಟೋ ಸಲ ಹೊರಗಿನಿಂದ ತರಿಸಬೇಕು. ಯಾರಿಗೂ ಬೇಡವಾದ ಕಾರ್ಡುಗಳಲ್ಲಿ ಬಲ ಹುಡುಕುವ ವಿದ್ಯೆ ಇಂಥ ಕಡೆ ಆಡುವವರಿಗೆ ಹೆಚ್ಚು ಬೇಕಾಗುತ್ತದೆ.

ಎರಡನೆಯ ಉದಾಹರಣೆ ಬೇರೆ ಬಗೆಯದು. 2001ರ ಮಾರ್ಚಿನಲ್ಲಿ ಟೋಕಿಯೊದಲ್ಲಿ ನಡೆದ ಪ್ರೊ ಟೂರ್ ಎಂಬ ಉನ್ನತ ಮಟ್ಟದ ಸ್ಪರ್ಧೆಗೆ ಅಮೆರಿಕದ ಝ್ವಿ ಮೌಶೊವಿಟ್ಸ್ ‘ದಿ ಸೊಲ್ಯೂಷನ್’ ಎಂಬ ಬಿಳಿ-ನೀಲಿ ಡೆಕ್ ತಂದರು. ಅಲ್ಲಿ ಕೆಂಪು ಕಾರ್ಡುಗಳ ಹಾವಳಿ ಇರುತ್ತದೆ ಎಂಬುದು ಅವರ ಲೆಕ್ಕಾಚಾರವಾಗಿತ್ತು. ಕ್ರಿಮ್ಸನ್ ಅಕೊಲೈಟ್, ಗಲೀನಾಸ್ ನೈಟ್ ಎಂಬ, ಕೆಂಪು ಬಣ್ಣದ ಯಾವ ಏಟೂ ತಾಗದ ಜೀವಿಗಳನ್ನು ಇತರರು ಹೆಚ್ಚೆಂದರೆ ಸೈಡ್‌ಬೋರ್ಡಿನಲ್ಲಿ ಇಟ್ಟುಕೊಳ್ಳುತ್ತಿದ್ದರು. ಮೌಶೊವಿಟ್ಸ್ ಅವುಗಳನ್ನು ಮುಖ್ಯ ಡೆಕ್ಕಿನಲ್ಲೇ ಇಟ್ಟರು. ಫೈನಲ್‌ನಲ್ಲಿ ಜಪಾನಿನ ತ್ಸುಯೋಶಿ ಫುಜಿತಾ ಅವರನ್ನು ಸೋಲಿಸಿ ಪ್ರಶಸ್ತಿ ಗೆದ್ದರು. ಈ ಡೆಕ್ ಇನ್ನೊಂದು ವಾರ, ಇನ್ನೊಂದು ಊರಿನಲ್ಲಿ ಏನೂ ಅಲ್ಲದಿರಬಹುದಿತ್ತು. ಅದರ ವಾದ ಕಾರ್ಡುಗಳ ಬಗ್ಗೆ ಇದ್ದದ್ದಕ್ಕಿಂತ ಜನರ ಬಗ್ಗೆ ಇತ್ತು: ಆ ಸಭಾಂಗಣಕ್ಕೆ ಬರುವ ನೂರಾರು ಜನ ಏನನ್ನು ಯೋಚಿಸಿಕೊಂಡು ಬರುತ್ತಾರೆ ಎಂಬ ಊಹೆ, ಆ ಊಹೆಯ ಮೇಲೆ ಇಟ್ಟ ಪೂರ್ತಿ ನಂಬಿಕೆ.

ಕಟ್ಟುವ ಕೆಲಸ ನಿಜವಾಗಿ ಹೇಗೆ ನಡೆಯುತ್ತದೆ ಎಂದು ನೀವು ಕೇಳಬಹುದು. ನನ್ನ ಮಟ್ಟಿಗೆ ಅದು ಒಂದು ಕಾರ್ಡಿನಿಂದ ಶುರುವಾಗುತ್ತದೆ. ಹೊಸ ಸೆಟ್, ಅಂದರೆ ಹೊಸ ಕಾರ್ಡುಗಳ ಕಂತು, ಬಂದಾಗ ಎಲ್ಲರೂ ಹೊಗಳುವ ಕಾರ್ಡುಗಳನ್ನು ಪಕ್ಕಕ್ಕಿಟ್ಟು, ಯಾವ ಕಾರ್ಡಿನ ಮೇಲೆ ‘ಹೀಗಾದರೆ ಮಾತ್ರ’ ಎಂಬ ಷರತ್ತು ಬರೆದಿದೆಯೋ ಅದನ್ನು ಎತ್ತಿಕೊಳ್ಳುತ್ತೇನೆ. ಷರತ್ತು ಕಠಿಣವಾದಷ್ಟೂ ಅದರ ಹಿಂದಿನ ಫಲ ದೊಡ್ಡದಾಗಿರುತ್ತದೆ. ಆ ಷರತ್ತನ್ನು ಸುಲಭವಾಗಿ ಪೂರೈಸುವ ದಾರಿ ಹಳೆಯ ಯಾವುದೋ ಕಾರ್ಡಿನಲ್ಲಿ ಇದ್ದೇ ಇರುತ್ತದೆಂಬ ನಂಬಿಕೆಯಿಂದ ಹುಡುಕಾಟ ಶುರುವಾಗುತ್ತದೆ. ಮೊದಲ ಪಟ್ಟಿಯಲ್ಲಿ ಯಾವಾಗಲೂ ಎಂಬತ್ತು, ತೊಂಬತ್ತು ಕಾರ್ಡುಗಳಿರುತ್ತವೆ. ಆದರೆ ಇರುವುದು ಅರವತ್ತೇ ಸ್ಥಾನ, ಅದರಲ್ಲಿ ಲ್ಯಾಂಡ್‌ಗಳಿಗೆ 24 ಕೊಟ್ಟರೆ ಉಳಿಯುವುದು 36.

ಇಲ್ಲಿ ಗಣಿತ ಬೇಕಾಗುತ್ತದೆ. 60ರಲ್ಲಿ ನಾಲ್ಕು ಪ್ರತಿ ಇರುವ ಕಾರ್ಡು ಮೊದಲ ಏಳರಲ್ಲಿ ಕನಿಷ್ಠ ಒಂದಾದರೂ ಬರುವ ಸಾಧ್ಯತೆ ಶೇಕಡ 40ರಷ್ಟು ಮಾತ್ರ. ಹತ್ತು ಕಾರ್ಡು ನೋಡುವ ಹೊತ್ತಿಗೆ ಅದು ಶೇಕಡ 53ಕ್ಕೆ ಬರುತ್ತದೆ. ಅಂದರೆ ಒಂದೇ ಕಾರ್ಡಿನ ಮೇಲೆ ನಿಂತ ಡೆಕ್ ಅರ್ಧದಷ್ಟು ಆಟಗಳಲ್ಲಿ ತನ್ನ ಆಧಾರವನ್ನೇ ಕಾಣದೆ ಮೊದಲ ಸರದಿಗಳನ್ನು ಕಳೆಯುತ್ತದೆ. ಆದರೆ ಅದೇ ಕೆಲಸ ಮಾಡುವ ಇನ್ನೊಂದು ಕಾರ್ಡನ್ನು ಹುಡುಕಿ ಎಂಟು ಪ್ರತಿ ಮಾಡಿಕೊಂಡರೆ ಮೊದಲ ಏಳರಲ್ಲೇ ಸಾಧ್ಯತೆ ಶೇಕಡ 65 ಆಗುತ್ತದೆ. ಆದ್ದರಿಂದ ಡೆಕ್ ಕಟ್ಟುವವರು ಹಳೆಯ ಸೆಟ್ಟುಗಳಲ್ಲಿ ಹುಡುಕುವುದು ಬಹುಪಾಲು ಈ ‘ಐದನೆಯ ಪ್ರತಿ’ಗಾಗಿ. ಹೆಸರು ಬೇರೆ, ಬೆಲೆ ಸ್ವಲ್ಪ ಬೇರೆ, ಆದರೆ ನನ್ನ ಡೆಕ್ಕಿನಲ್ಲಿ ಅದೇ ಕೆಲಸ ಮಾಡುವ ಕಾರ್ಡು ಸಿಕ್ಕ ರಾತ್ರಿ ನಿದ್ದೆ ಬರುವುದಿಲ್ಲ. ಹಿಡಿದ ದಾರಿ ಬಂಡೆಗೆ ಹೋಗಿ ನಿಲ್ಲಲಿಲ್ಲ, ಮುಂದೆ ಸಾಗಿತು ಎಂಬ ಸಮಾಧಾನ ಅದು.

ಸೇರಿಸುವುದಕ್ಕಿಂತ ತೆಗೆಯುವುದು ಕಷ್ಟ. ಡೆಕ್ ಯಾವ ಕಾರ್ಡಿನಿಂದ ಹುಟ್ಟಿತೋ ಆ ಕಾರ್ಡನ್ನೇ ತೆಗೆಯಬೇಕಾಗಿ ಬರುವುದುಂಟು. ಅದರ ಸುತ್ತ ಕಟ್ಟಿದ ವ್ಯವಸ್ಥೆ ಗಟ್ಟಿಯಾಗಿ ನಿಂತಿರುತ್ತದೆ, ಮೂಲ ಕಾರ್ಡು ಮಾತ್ರ ಕೈಯಲ್ಲಿ ಭಾರವಾಗಿ ಉಳಿದಿರುತ್ತದೆ. ಇಂಥ ಹೊತ್ತಿನಲ್ಲಿ ಕೆಲವರು ಮೊಂಡುತನ ಮಾಡುತ್ತಾರೆ, ಕೆಲವರು ಇಡೀ ಡೆಕ್ಕನ್ನೇ ಕೈಬಿಡುತ್ತಾರೆ. ಆ ಒಂದನ್ನು ತೆಗೆದು ಉಳಿದದ್ದನ್ನು ಮುಂದುವರಿಸುವವರು ಕಡಿಮೆ, ಮತ್ತು ಒಳ್ಳೆಯ ಡೆಕ್ಕುಗಳು ಬಹುತೇಕ ಅವರಿಂದಲೇ ಬಂದಿವೆ ಎಂಬುದು ನನ್ನ ಅನಿಸಿಕೆ.

ಅನಂತರ ಪರೀಕ್ಷೆ. ಹೊಸ ಡೆಕ್ಕನ್ನು ಪ್ರಸಿದ್ಧ ಡೆಕ್ಕಿನ ಎದುರು 20 ಆಟ ಆಡಿ 13 ಗೆದ್ದರೆ ನಮಗೆ ರೆಕ್ಕೆ ಬಂದಂತಾಗುತ್ತದೆ. ಆದರೆ ಎರಡೂ ಡೆಕ್ಕುಗಳು ನಿಜಕ್ಕೂ ಸರಿಸಮವಾಗಿದ್ದರೂ, ಬರೀ ಅದೃಷ್ಟದಿಂದಲೇ 20ರಲ್ಲಿ 13 ಅಥವಾ ಅದಕ್ಕಿಂತ ಹೆಚ್ಚು ಗೆಲ್ಲುವ ಸಾಧ್ಯತೆ ಶೇಕಡ 13ರಷ್ಟಿದೆ. ಅಂದರೆ ಗೆಲುವಿನ ಎಣಿಕೆ ನಮಗೆ ಹೇಳುವುದು ತೀರ ಸ್ವಲ್ಪ. ಸಾವಿರ ಆಟ ಆಡಲು ಯಾರಿಗೂ ಪುರಸತ್ತಿಲ್ಲ. ಆದ್ದರಿಂದ ಎಣಿಕೆಯನ್ನು ಬಿಟ್ಟು ಸೋತ ರೀತಿಯನ್ನು ನೋಡಬೇಕು. ಸೋಲುವಾಗ ಕೈಯಲ್ಲಿ ಆಡಲಾಗದೆ ಉಳಿದ ಕಾರ್ಡು ಯಾವುದು? ಎದುರಾಳಿಯ ಯಾವ ನಡೆಗೆ ನನ್ನ ಬಳಿ ಉತ್ತರವೇ ಇರಲಿಲ್ಲ? ಗೆದ್ದ ಆಟದಲ್ಲಿ ನನ್ನ ಹೊಸ ಯೋಚನೆಯಿಂದ ಗೆದ್ದೆನೋ, ಅಥವಾ ಎಲ್ಲರ ಡೆಕ್ಕಿನಲ್ಲೂ ಇರುವ ನಾಲ್ಕು ಒಳ್ಳೆಯ ಕಾರ್ಡುಗಳಿಂದ ಗೆದ್ದೆನೋ? ಈ ಕೊನೆಯ ಪ್ರಶ್ನೆಯನ್ನು ಹೊಸಬರು ಕೇಳಿಕೊಳ್ಳುವುದೇ ಇಲ್ಲ. ಗೆಲುವು ನಮ್ಮ ವಾದದ ಗೆಲುವಾಗಿರದಿದ್ದರೆ ಆ ವಾದವನ್ನು ಬಿಟ್ಟು ಉಳಿದ ಕಾರ್ಡುಗಳನ್ನು ಆಡುವುದೇ ಮೇಲು.

ಟೂರ್ನಮೆಂಟ್ ದಿನದ ಒಂದು ಕ್ಷಣವನ್ನು ಹೊಸ ಡೆಕ್ ಕಟ್ಟುವವರೆಲ್ಲ ಬಲ್ಲರು. ನೀವು ಒಂದು ಕಾರ್ಡನ್ನು ಮೇಜಿನ ಮೇಲೆ ಇಡುತ್ತೀರಿ. ಎದುರಿಗಿರುವವನು ವರ್ಷಗಟ್ಟಲೆ ಆಡಿದವನು, ಕಾರ್ಡಿನ ಚಿತ್ರವನ್ನು ದೂರದಿಂದ ನೋಡಿಯೇ ಅದರ ಕೆಲಸವನ್ನು ಹೇಳಬಲ್ಲವನು. ಅವನು ಕೈ ಚಾಚಿ, ನಿಮ್ಮ ಅನುಮತಿ ಕೇಳಿ, ಆ ಕಾರ್ಡನ್ನು ಎತ್ತಿ ಓದುತ್ತಾನೆ. ಎರಡನೆಯ ಸಲವೂ ಓದುತ್ತಾನೆ. ಆಮೇಲೆ ತನ್ನ ಕೈಯಲ್ಲಿರುವ ಕಾರ್ಡುಗಳನ್ನು ಹೊಸದಾಗಿ ನೋಡತೊಡಗುತ್ತಾನೆ, ಏಕೆಂದರೆ ಅವನಿಗೆ ಬಾಯಿಪಾಠವಾಗಿದ್ದ ಆಟ ಇಲ್ಲಿ ನಡೆಯುವುದಿಲ್ಲ. ಅಲ್ಲಿಂದ ಮುಂದೆ ಇಬ್ಬರೂ ಯೋಚಿಸಿ ಆಡುತ್ತಾರೆ. ಅವನು ಗೆದ್ದರೂ ನಿಮ್ಮ ಡೆಕ್ಕನ್ನು ಅರ್ಥಮಾಡಿಕೊಂಡೇ ಗೆಲ್ಲಬೇಕು. ನನ್ನ ಅನುಭವದಲ್ಲಿ, ಆಟ ಮುಗಿದ ಮೇಲೆ ‘ಈ ಕಾರ್ಡನ್ನು ಏಕೆ ಇಟ್ಟಿರಿ?’ ಎಂದು ಕೇಳಿ ಪಕ್ಕದಲ್ಲಿ ಕುಳಿತ ಅಪರಿಚಿತರೇ ಮುಂದೆ ಒಳ್ಳೆಯ ಗೆಳೆಯರಾಗಿದ್ದಾರೆ.

ಇನ್ನು ನಾನು ಹೆಚ್ಚು ಹೊತ್ತು ಮಾತನಾಡಬೇಕೆಂದುಕೊಂಡಿರುವ ಡೆಕ್ಕಿಗೆ ಬರುತ್ತೇನೆ. ಅದರ ಹೆಸರು ಲ್ಯಾಂಟರ್ನ್ ಕಂಟ್ರೋಲ್. ಇದರ ಮೂಲದಲ್ಲಿರುವ ಲ್ಯಾಂಟರ್ನ್ ಆಫ್ ಇನ್‌ಸೈಟ್ 2004ರಲ್ಲಿ ಬಂದ, ಒಂದೇ ಮನಾದ ಕಾರ್ಡು. ಅದು ಮೇಜಿನ ಮೇಲಿರುವಾಗ ಇಬ್ಬರ ಕಟ್ಟಿನ ಮೇಲಿನ ಕಾರ್ಡೂ ಎಲ್ಲರಿಗೂ ಕಾಣುವಂತೆ ತೆರೆದಿರುತ್ತದೆ. ಎದುರಾಳಿ ಮುಂದೆ ಏನನ್ನು ಎಳೆಯುತ್ತಾನೆಂದು ತಿಳಿಯುತ್ತದೆ, ಅಷ್ಟೇ. ತಿಳಿದು ಮಾಡುವುದೇನು? ಅದಕ್ಕೇ ಆ ಕಾರ್ಡು ಹನ್ನೊಂದು ವರ್ಷ ಹೆಚ್ಚಿನವರ ಪೆಟ್ಟಿಗೆಗಳಲ್ಲಿ ಮಲಗಿತ್ತು. 2011ರಲ್ಲಿ ಗೂಲ್‌ಕಾಲರ್ಸ್ ಬೆಲ್, 2012ರಲ್ಲಿ ಕೋಡೆಕ್ಸ್ ಶ್ರೆಡರ್ ಬಂದವು. ಇವೂ ಒಂದೇ ಮನಾದವು. ಬೆಲ್ ಇಬ್ಬರ ಕಟ್ಟಿನ ಮೇಲಿನ ಕಾರ್ಡನ್ನೂ, ಶ್ರೆಡರ್ ನಾವು ಹೇಳಿದವರ ಕಟ್ಟಿನ ಮೇಲಿನ ಕಾರ್ಡನ್ನೂ ನೇರವಾಗಿ ಗ್ರೇವ್‌ಯಾರ್ಡಿಗೆ, ಅಂದರೆ ಬಳಸಿ ಮುಗಿದ ಕಾರ್ಡುಗಳ ರಾಶಿಗೆ, ತಳ್ಳುತ್ತವೆ. ಕಣ್ಣುಮುಚ್ಚಿ ಬಳಸಿದರೆ ಇವುಗಳಿಂದ ಪ್ರಯೋಜನವಿಲ್ಲ. ತಳ್ಳಿದ ಕಾರ್ಡು ಒಳ್ಳೆಯದೋ ಕೆಟ್ಟದ್ದೋ ಗೊತ್ತಿಲ್ಲದಿದ್ದರೆ ಕಟ್ಟನ್ನು ಮತ್ತೊಮ್ಮೆ ಕಲಸಿದಂತೆಯೇ ಸರಿ. ಲ್ಯಾಂಟರ್ನಿನ ಬೆಳಕಿನಲ್ಲಿ ಬಳಸಿದಾಗ ಎಲ್ಲವೂ ಬದಲಾಗುತ್ತದೆ. ಎದುರಾಳಿಗೆ ಉಪಯೋಗವಾಗುವ ಕಾರ್ಡು ಕಂಡರೆ ತಳ್ಳಿಬಿಡಬಹುದು, ನಿರುಪಯೋಗಿ ಕಾರ್ಡು ಕಂಡರೆ ಎಳೆದುಕೊಳ್ಳಲು ಬಿಡಬಹುದು.

ಲೆಕ್ಕ ನೋಡಿ. ಎದುರಾಳಿಯ ಕಟ್ಟಿನಲ್ಲಿ ನಾಲ್ಕರಲ್ಲೊಂದು ಕಾರ್ಡು ನನಗೆ ಅಪಾಯಕಾರಿ ಎಂದುಕೊಳ್ಳೋಣ. ನನ್ನ ಬಳಿ ಇಂಥ ಮೂರು ತಳ್ಳುವ ಕಾರ್ಡುಗಳಿದ್ದರೆ, ಒಂದು ಸರದಿಯಲ್ಲಿ ಅವನಿಗೆ ಅಪಾಯಕಾರಿ ಕಾರ್ಡು ಸಿಗಬೇಕಾದರೆ ಮೇಲಿನ ನಾಲ್ಕೂ ಕಾರ್ಡುಗಳು ಸಾಲಾಗಿ ಅಂಥವೇ ಆಗಿರಬೇಕು. ಆ ಸಾಧ್ಯತೆ ಸುಮಾರು 256ರಲ್ಲಿ 1. ಮೇಜಿನ ಮೇಲೆ ಆಗಲೇ ಬಂದುಬಿಟ್ಟ ಜೀವಿಗಳ ಗತಿ? ಅದಕ್ಕೆ 1998ರ ಎನ್‌ಸ್ನೇರಿಂಗ್ ಬ್ರಿಡ್ಜ್ ಇದೆ. ಅದರ ಒಡೆಯನ ಕೈಯಲ್ಲಿ ಎಷ್ಟು ಕಾರ್ಡಿವೆಯೋ ಅದಕ್ಕಿಂತ ಹೆಚ್ಚು ಬಲದ ಯಾವ ಜೀವಿಯೂ ಮೇಲೆ ಬರುವಂತಿಲ್ಲ. ಕೈ ಖಾಲಿಯಾದರೆ ಯಾರೂ ಹೊಡೆಯಲಾರರು. ಅಗ್ಗದ ಕಾರ್ಡುಗಳೇ ತುಂಬಿರುವ ಡೆಕ್ಕಿಗೆ ಕೈ ಖಾಲಿ ಮಾಡುವುದು ಕಷ್ಟವೇ ಅಲ್ಲ. ಬೇರೆ ಡೆಕ್ಕುಗಳಲ್ಲಿ ಖಾಲಿ ಕೈ ಎಂದರೆ ಸೋಲಿನ ಲಕ್ಷಣ, ಇಲ್ಲಿ ಅದೇ ಕೋಟೆ. ಐರನ್‌ಕ್ಲಾ ಆರ್ಕ್ಸ್ ಬಗ್ಗೆ ಹೇಳಿದ್ದು ಇಲ್ಲಿಗೂ ಅನ್ವಯಿಸುತ್ತದೆ. ಕೊನೆಗೆ ಎದುರಾಳಿಯ ಕಟ್ಟು ಮುಗಿಯುತ್ತದೆ. ಎಳೆಯಲು ಕಾರ್ಡಿಲ್ಲದವನು ಸೋಲುತ್ತಾನೆ.

ಕೆಲವೇ ಆಸಕ್ತರು ಇದನ್ನು ಬಹುಕಾಲ ತಿದ್ದುತ್ತಿದ್ದರು. 2015ರ ಸೆಪ್ಟೆಂಬರಿನಲ್ಲಿ ಅಮೆರಿಕದ ಒಕ್ಲಹೋಮ ಸಿಟಿಯಲ್ಲಿ ನಡೆದ ಗ್ರ್ಯಾನ್ ಪ್ರೀ ಎಂಬ ದೊಡ್ಡ ಸ್ಪರ್ಧೆಯನ್ನು ಝ್ಯಾಕ್ ಎಲ್ಸಿಕ್ ಈ ಡೆಕ್ಕಿನಿಂದ ಗೆದ್ದರು. ಒಂದೇ ಒಂದು ಕಾರ್ಡನ್ನೂ ಹೊಸದಾಗಿ ಮುದ್ರಿಸದೆ, ಎಲ್ಲರ ಪೆಟ್ಟಿಗೆಯಲ್ಲೂ ಇದ್ದ ವಸ್ತುಗಳಿಂದ, ಎಲ್ಲರೂ ಆಡುತ್ತಿದ್ದ ಆಟಕ್ಕಿಂತ ಬೇರೆಯೇ ಆದ ಆಟ ಅಲ್ಲಿ ಎಲ್ಲರ ಕಣ್ಣೆದುರಿಗೆ ಬಂತು. ಸ್ವಂತಿಕೆ ಎಂದರೆ ಏನೆಂದು ಯಾರಾದರೂ ನನ್ನನ್ನು ಕೇಳಿದರೆ ಈ ಡೆಕ್ಕಿನ ಪಟ್ಟಿಯನ್ನು ಅವರ ಕೈಗೆ ಕೊಡುತ್ತೇನೆ.

ಆದರೆ ಇದನ್ನು ಎದುರಿಸುವುದು ಬಹಳ ಜನಕ್ಕೆ ಇಷ್ಟವಾಗಲಿಲ್ಲ. ಏನೂ ಮಾಡಲಾಗದೆ, ತನ್ನ ಒಳ್ಳೆಯ ಕಾರ್ಡುಗಳು ಒಂದೊಂದಾಗಿ ಗ್ರೇವ್‌ಯಾರ್ಡಿಗೆ ಹೋಗುವುದನ್ನು ನೋಡುತ್ತ ಕುಳಿತುಕೊಳ್ಳುವುದು ಹಿತವಲ್ಲ. ಮೂರರಲ್ಲಿ ಎರಡು ಗೆಲ್ಲಬೇಕಾದ ಪಂದ್ಯಕ್ಕೆ 50 ನಿಮಿಷಗಳ ಅವಧಿ ಇದೆ, ಈ ಡೆಕ್ ನಿಧಾನ. ಕಟ್ಟುವವನ ತೃಪ್ತಿ ಎದುರಾಳಿಯ ಸಂಕಟದ ಮೇಲೆ ನಿಂತಿದ್ದರೆ ಅದು ಸರಿಯೇ ಎಂಬ ಪ್ರಶ್ನೆಯನ್ನು ತಳ್ಳಿಹಾಕುವುದು ನ್ಯಾಯವಲ್ಲ. ನನ್ನ ಉತ್ತರ ಇದು: ಗೆಳೆಯರ ನಡುವಿನ ಆಟದಲ್ಲಿ ಇಂಥ ಡೆಕ್ಕನ್ನು ತೆಗೆಯುವ ಮೊದಲು ಅವರನ್ನು ಕೇಳಬೇಕು. ಸ್ಪರ್ಧೆಯಲ್ಲಿ ಕೇಳಬೇಕಾಗಿಲ್ಲ, ಏಕೆಂದರೆ ಅಲ್ಲಿಗೆ ಬಂದವರೆಲ್ಲ ನಿಯಮದೊಳಗಿನ ಯಾವ ವಾದವನ್ನಾದರೂ ಎದುರಿಸುತ್ತೇವೆ ಎಂದು ಒಪ್ಪಿಯೇ ಬಂದಿರುತ್ತಾರೆ. ಆದರೆ ಚುರುಕಾಗಿ ಆಡುವ ಜವಾಬ್ದಾರಿ ಇಂಥ ಡೆಕ್ಕನ್ನು ತಂದವನ ಮೇಲೆ ಇತರರಿಗಿಂತ ಹೆಚ್ಚಾಗಿದೆ. ಎದುರಾಳಿಯ ಸಮಯವನ್ನು ತಿನ್ನುವುದು ವಾದವಲ್ಲ.

2018ರ ಫೆಬ್ರವರಿಯಲ್ಲಿ ಸ್ಪೇನಿನ ಬಿಲ್ಬಾವೊದಲ್ಲಿ ನಡೆದ ಪ್ರೊ ಟೂರನ್ನು ಅರ್ಜೆಂಟೀನಾದ ಲೂಯಿಸ್ ಸಾಲ್ವಾಟೊ ಇದೇ ಡೆಕ್ಕಿನ ಹೊಸ ರೂಪದಿಂದ ಗೆದ್ದರು. ಈ ಹೊತ್ತಿಗೆ ಅದರಲ್ಲಿ 2017ರ ವರ್ ಆಫ್ ಇನ್ವೆನ್ಷನ್ ಸೇರಿತ್ತು. ಬ್ರಿಡ್ಜ್ ಬೇಕಾದಾಗ ಬ್ರಿಡ್ಜನ್ನು, ಲ್ಯಾಂಟರ್ನ್ ಬೇಕಾದಾಗ ಲ್ಯಾಂಟರ್ನನ್ನು ಕಟ್ಟಿನಿಂದ ನೇರವಾಗಿ ಹುಡುಕಿ ತರುವ ಕಾರ್ಡು ಅದು. ಈ ಸುಧಾರಣೆಗಳು ಒಬ್ಬರದಲ್ಲ. ತಾನು ಕಟ್ಟಿದ್ದನ್ನು ಬೇರೆಯವರು ತಿದ್ದುವಾಗ ಮುನಿಸಿಕೊಳ್ಳುವವರನ್ನು ನಾನು ಕಂಡಿದ್ದೇನೆ, ಪಟ್ಟಿಯನ್ನು ಗುಟ್ಟಾಗಿಡುವವರನ್ನೂ ಕಂಡಿದ್ದೇನೆ. ಸ್ಪರ್ಧೆಯ ದಿನದವರೆಗೆ ಗುಟ್ಟು ಸರಿ. ಅದಾದ ಮೇಲೆ ಪಟ್ಟಿಯನ್ನು ಬಿಟ್ಟುಕೊಡಬೇಕು. ಅಪರಿಚಿತರೊಬ್ಬರು ನಿಮ್ಮ ಡೆಕ್ಕಿನ ಎರಡು ಕಾರ್ಡುಗಳನ್ನು ಬದಲಾಯಿಸಿ ನಿಮಗಿಂತ ದೂರ ಹೋದರೆ, ನಿಮ್ಮ ವಾದವನ್ನು ಅವರು ನಂಬಿ ಬೆಳೆಸಿದರೆಂದೇ ಅರ್ಥ. ನನಗೆ ಇದಕ್ಕಿಂತ ದೊಡ್ಡ ಮನ್ನಣೆ ತಿಳಿದಿಲ್ಲ.

2020ರ ಜನವರಿಯಲ್ಲಿ ಮಾಕ್ಸ್ ಓಪಲ್ ಎಂಬ ಕಾರ್ಡನ್ನು ಈ ಡೆಕ್ ಆಡುತ್ತಿದ್ದ ಮಾಡರ್ನ್ ಎಂಬ ಸ್ಪರ್ಧಾ ವಿಭಾಗದಲ್ಲಿ ನಿಷೇಧಿಸಿದರು; ಆ ನಿಷೇಧ ತೆರವಾದದ್ದು 2024ರ ಡಿಸೆಂಬರಿನಲ್ಲಿ. ಲ್ಯಾಂಟರ್ನ್, ಬೆಲ್‌ಗಳಂಥ ಉಪಕರಣಗಳ ಕಾರ್ಡುಗಳಿಗೆ ಆರ್ಟಿಫ್ಯಾಕ್ಟ್ ಎನ್ನುತ್ತಾರೆ; ಅಗ್ಗದ ಆರ್ಟಿಫ್ಯಾಕ್ಟುಗಳ ಡೆಕ್ಕುಗಳಿಗೆಲ್ಲ ಬಿಟ್ಟಿಯಾಗಿ ಮನಾ ಕೊಡುತ್ತಿದ್ದ ಕಾರ್ಡು ಅದು. ಲ್ಯಾಂಟರ್ನ್ ಡೆಕ್ಕಿನ ಆರಂಭದ ವೇಗಕ್ಕೂ ಅದೇ ಆಧಾರವಾಗಿತ್ತು. ಒಂದು ಪ್ರಕಟಣೆಯಿಂದ ವರ್ಷಗಳ ಕೆಲಸದಲ್ಲಿ ದೊಡ್ಡ ತೂತು ಬಿತ್ತು. ಸ್ಪರ್ಧೆಯ ಡೆಕ್ಕುಗಳಿಗೆ ಆಯುಸ್ಸು ಕಡಿಮೆ. ನಿಷೇಧ ಬರುತ್ತದೆ, ಹೊಸ ಸೆಟ್ ಬರುತ್ತದೆ, ಎದುರಾಳಿಗಳು ಉತ್ತರ ಕಂಡುಕೊಳ್ಳುತ್ತಾರೆ. ಇದನ್ನು ನಷ್ಟವೆಂದು ದುಃಖಿಸುವವರಿದ್ದಾರೆ. ನನಗೆ ಹಾಗೆ ಅನ್ನಿಸಿದ್ದಿಲ್ಲ. ನಾಲ್ಕು ಸ್ಥಾನ ಖಾಲಿಯಾದ ಪಟ್ಟಿಯನ್ನು ಮುಂದಿಟ್ಟುಕೊಂಡು, ವೇಗ ಕಳೆದುಕೊಂಡ ಡೆಕ್ಕಿಗೆ ಮೊದಲ ಮೂರು ಸರದಿಗಳನ್ನು ಉಳಿದುಕೊಳ್ಳುವ ಬೇರೆ ದಾರಿ ಯಾವುದು, ಲ್ಯಾಂಡ್ ಒಂದನ್ನು ಹೆಚ್ಚಿಸಿದರೆ ಸಾಕೇ, ತಳ್ಳುವ ಕಾರ್ಡುಗಳನ್ನು ಕಡಿಮೆ ಮಾಡಬೇಕೇ ಎಂದು ಕೇಳಿಕೊಳ್ಳುವಾಗ ಮತ್ತೆ ಮೊದಲ ದಿನದ ಹುರುಪೇ ಬಂದಿತ್ತು.

ನಿಮ್ಮಲ್ಲಿ ಕೆಲವರು ಸ್ವಂತ ಡೆಕ್ಕಿನ ಪಟ್ಟಿ ಬರೆದು ತಂದಿದ್ದೀರೆಂದು ಆಯೋಜಕರು ಹೇಳಿದ್ದಾರೆ. ಪ್ರಶ್ನೋತ್ತರದಲ್ಲಿ ಅವರಿಗೆ ಮೊದಲ ಅವಕಾಶ. ಪಟ್ಟಿಯ ಮೇಲೆ ಒಂದು ಸಾಲಿನಲ್ಲಿ ನಿಮ್ಮ ಡೆಕ್ ಏನನ್ನು ಸಾಧಿಸಹೊರಟಿದೆ ಎಂದು ಬರೆದು ಮುಂದೆ ಬನ್ನಿ. ಲ್ಯಾಂಡ್‌ಗಳ ಎಣಿಕೆಯಿಂದ ಶುರು ಮಾಡೋಣ.